ಬಾಸೆಲ್‌ನಲ್ಲೊಂದು ಬೇಸಿಗೆ

ಕರಾವಳಿಯಲ್ಲಿ ಹಳೆಯ ಮನೆ ಕೆಡವುವಾಗ ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿ ನೋಡಿದರೆ ಎಷ್ಟೋ ಸಲ ಬಾಸೆಲ್ ಮಿಷನ್ನಿನ ಹೆಸರು ಅಚ್ಚಾಗಿರುತ್ತದೆ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಬಲ್ಮಠದಲ್ಲಿ ಕಲ್ಲಚ್ಚಿನ ಯಂತ್ರ ಕೂತದ್ದು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟದ್ದು, ಶಾಲೆ, ನೇಯ್ಗೆ, ಎಲ್ಲವೂ ಆ ಹೆಸರಿನ ಲೆಕ್ಕಕ್ಕೇ ಸೇರಿವೆ. ಇಷ್ಟಾದರೂ ಬಾಸೆಲ್ ಎಂಬುದೊಂದು ಊರು, ಅಲ್ಲಿಯ ಜನ ಟ್ರ್ಯಾಮ್ ಹತ್ತಿ ಕೆಲಸಕ್ಕೆ ಹೋಗುತ್ತಾರೆ, ಹೊಳೆಯಲ್ಲಿ ಈಜುತ್ತಾರೆ, ಬಾಡಿಗೆ ಏರಿತೆಂದು ಗೊಣಗುತ್ತಾರೆ ಎಂಬುದು ನಮ್ಮ ಕಣ್ಣ ಮುಂದೆ ಬರುವುದೇ ಇಲ್ಲ. ಹತ್ತೊಂಬತ್ತನೇ ಶತಮಾನದ ಮಿಷನ್ ಶಾಲೆಗಳ ಮೇಲೆ ಪಿಎಚ್.ಡಿ. ಮಾಡಹೊರಟ ನನಗೂ ಬಂದಿರಲಿಲ್ಲ.

“ಮೂಲ ಕಾಗದ ನೋಡದೆ ಎಷ್ಟು ಬರೆದರೂ ಇನ್ನೊಬ್ಬರ ಎಂಜಲೇ ಮಾರಾಯ. ಒಮ್ಮೆ ಅಲ್ಲಿಗೆ ಹೋಗಿ ಬಾ” ಎಂದರು ಗೈಡ್. ಒಂದು ಸಣ್ಣ ಸಂಶೋಧನಾ ಧನಸಹಾಯ ಕೈಗೂಡಿತು. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಬೇಸಿಗೆ. ಜೂನ್‌ನಲ್ಲಿ ಹೊರಟು ಆಗಸ್ಟ್ ಮುಗಿಯುವಷ್ಟರಲ್ಲಿ ಮರಳಿದರೆ ಷೆಂಗೆನ್ ವೀಸಾದಲ್ಲೇ ಕೆಲಸ ಪೂರೈಸುತ್ತದೆ. 90 ದಿನ ಮೀರಿದರೆ ಬೇರೆಯದೇ ವೀಸಾ, ಬೇರೆಯದೇ ಅಲೆದಾಟ. ಪರದೇಶಕ್ಕೆ ಒಂದು ಬೇಸಿಗೆಯ ಮಟ್ಟಿಗೆ ಹೋಗುವ ವಿದ್ಯಾರ್ಥಿಗಳ ಮೊದಲ ಲೆಕ್ಕಾಚಾರ ಇದು.

ಎರಡನೆಯದು ದುಡ್ಡಿನದು. ಒಂದು ಸ್ವಿಸ್ ಫ್ರಾಂಕ್ ಅಂದರೆ ಆಗ ಹೆಚ್ಚುಕಡಿಮೆ ನೂರು ರೂಪಾಯಿ. ಒಂದು ಲೋಟ ಕಾಫಿಗೆ ಐದು ಫ್ರಾಂಕ್. ಮೊದಲ ವಾರ ಪ್ರತಿಯೊಂದನ್ನೂ ನೂರರಿಂದ ಗುಣಿಸಿ ಎದೆ ಬಡಿದುಕೊಳ್ಳುವುದು, ಎರಡನೇ ವಾರ ಗುಣಿಸುವುದನ್ನು ಬಿಡುವುದು, ಮೂರನೇ ವಾರ ಹೊರಗೆ ತಿನ್ನುವುದನ್ನೇ ಬಿಡುವುದು. ಹೋದವರೆಲ್ಲರ ಕಥೆ ಇದೇ. ಮಂಗಳೂರಿಗಿಂತ ಚಿಕ್ಕದಾದ, ಎರಡು ಲಕ್ಷ ಜನವೂ ಇಲ್ಲದ ಈ ಊರು ಇಷ್ಟು ದುಬಾರಿಯಾಗಲು ಕಾರಣ ನೂರಾರು ವರ್ಷ ಹಿಂದಕ್ಕೆ ಹೋಗುತ್ತದೆ. ಇಲ್ಲಿಯ ಸಿರಿವಂತ ಮನೆತನಗಳು ರೇಷ್ಮೆ ರಿಬ್ಬನ್ ನೇಯಿಸಿ ಯುರೋಪಿಗೆಲ್ಲ ಮಾರಿದವು. ರಿಬ್ಬನ್ನಿಗೆ ಬಣ್ಣ ಬೇಕಾಯಿತು, ಬಣ್ಣದ ಕಾರ್ಖಾನೆಗಳು ಹುಟ್ಟಿದವು. ಬಣ್ಣ ಮಾಡುವ ರಸಾಯನ ವಿದ್ಯೆಯಿಂದಲೇ ಔಷಧ ಬಂತು. ಸೀಬಾ-ಗೈಗಿ ಮತ್ತು ಸ್ಯಾಂಡೋಜ್ 1996ರಲ್ಲಿ ಕೂಡಿ ನೊವಾರ್ಟಿಸ್ ಆಯಿತು. 1896ರಲ್ಲಿ ಹುಟ್ಟಿದ ರೋಶ್ ಇವತ್ತು ದೇಶದಲ್ಲೇ ಎತ್ತರದ ಎರಡು ಬಿಳಿ ಗೋಪುರಗಳನ್ನು ನದಿಯ ಪಕ್ಕ ನಿಲ್ಲಿಸಿಕೊಂಡಿದೆ. ಎರಡನೆಯದು 205 ಮೀಟರ್. ಊರಲ್ಲಿ ಎಲ್ಲಿ ದಾರಿ ತಪ್ಪಿದರೂ ತಲೆಯೆತ್ತಿದರೆ ಅವು ಕಾಣುತ್ತವೆ.

ರಿಬ್ಬನ್ ಮನೆತನಗಳ ಮಾತು ಸುಮ್ಮನೆ ಎತ್ತಿದ್ದಲ್ಲ. 1815ರಲ್ಲಿ ಶುರುವಾದ ಬಾಸೆಲ್ ಮಿಷನ್ನಿನ ಆಡಳಿತ ಮಂಡಳಿಯಲ್ಲಿ ಅದೇ ಮನೆತನಗಳ ಭಕ್ತರು ಕೂರುತ್ತಿದ್ದರು. ನಮ್ಮೂರಿಗೆ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ಪಕ್ಕದ ಜರ್ಮನಿಯ ವ್ಯೂರ್ಟೆಂಬರ್ಗಿನ ರೈತರ, ಕಸುಬುದಾರರ ಮಕ್ಕಳು. ಯಜಮಾನಿಕೆ ಬಾಸೆಲ್ ವ್ಯಾಪಾರಿಗಳದು, ಮೈಬೆವರು ವ್ಯೂರ್ಟೆಂಬರ್ಗಿನದು. ಇನ್ನು ದಿನದ ಖರ್ಚಿಗೆ 1855ರಿಂದ ಒಂದು ಏರ್ಪಾಡು ಮಾಡಿದರು. ಸಾಮಾನ್ಯ ಮನೆಗಳವರು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಆ ಕಾಲದ ಪುಡಿಗಾಸು, ಕೊಡುವುದು. ಧಾರವಾಡದ ಶಾಲೆಯ ಬೆಂಚಿಗೂ ಮುಲ್ಕಿಯ ಅನಾಥಾಲಯದ ಗಂಜಿಗೂ ಯಾವುದೋ ಹಳ್ಳಿಯ ಹೆಂಗಸಿನ ಪುಡಿಗಾಸು ಸೇರಿದೆ. ಈ ಊರಿನವರಿಗೆ ಚಿಲ್ಲರೆ ಕೂಡಿಸಿ ದೊಡ್ಡದನ್ನು ಮಾಡುವ ಅಭ್ಯಾಸ ಇಂದಿಗೂ ಇದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಇಳಿದುಕೊಳ್ಳಲು ಜಾಗ ಸಿಕ್ಕಿದ್ದು ಬೇಸಿಗೆಯ ಕೃಪೆಯಿಂದಲೇ. ವಿಶ್ವವಿದ್ಯಾಲಯದ ಪಾಠಗಳು ಮೇ ಕೊನೆಗೆ ಮುಗಿದರೆ ಮತ್ತೆ ತೆರೆಯುವುದು ಸೆಪ್ಟೆಂಬರ್ ಮಧ್ಯಕ್ಕೆ. ಅಷ್ಟರ ತನಕ ಊರಿಗೆ ಹೋಗುವ, ತಿರುಗಾಟಕ್ಕೆ ಹೊರಡುವ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಹಾಸಿಗೆ, ಮೇಜು, ಗಿಡಗಳ ಸಮೇತ ಒಳಬಾಡಿಗೆಗೆ ಕೊಡುತ್ತಾರೆ. ನಾಲ್ಕಾರು ಜನ ಸೇರಿ ಹಿಡಿದ ಇಂಥ ಮನೆಗೆ ಅಲ್ಲಿ ‘ವೇ-ಗೇ’ ಎನ್ನುತ್ತಾರೆ. ನನ್ನದು ನದಿಯ ಬಲದಂಡೆಯ ಕ್ಲೈನ್‌ಬಾಸೆಲ್‌ನಲ್ಲಿ, ಐದನೇ ಮಹಡಿ, ಲಿಫ್ಟ್ ಇಲ್ಲ. ಜೊತೆಗೆ ಸಂಗೀತ ಕಲಿಯುವ ಒಬ್ಬಳು, ಔಷಧಶಾಸ್ತ್ರದ ಒಬ್ಬ. ಗಿಡಕ್ಕೆ ನೀರು ಹಾಕುವುದು ಬಾಡಿಗೆ ಕರಾರಿನಲ್ಲೇ ಬರೆದಿತ್ತು.

ಕಟ್ಟಳೆಗಳು ಬೇಕಾದಷ್ಟಿದ್ದವು. ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ, ಇಡೀ ಕಟ್ಟಡಕ್ಕೆ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದ ದಿನ ಮಾತ್ರ ಅದು ನಿಮ್ಮದು. ಕಸವನ್ನು ನಗರಾಡಳಿತದ ನೀಲಿ ಚೀಲದಲ್ಲಿ ಮಾತ್ರ ಇಡಬೇಕು. ಒಂದು ಚೀಲಕ್ಕೆ ಎರಡು ಫ್ರಾಂಕಿಗೂ ಮಿಕ್ಕಿ ಬೆಲೆ. ಕಸ ಹಾಕಲು ಇನ್ನೂರು ರೂಪಾಯಿ ಕೊಡಬೇಕೆಂದಾಗ ಮನುಷ್ಯ ತಾನಾಗಿಯೇ ಕಾಗದ, ಗಾಜು, ಡಬ್ಬಿಗಳನ್ನು ಬೇರ್ಪಡಿಸಲು ಕಲಿಯುತ್ತಾನೆ. ಜಾಗೃತಿ ಜಾಥಾ ಬೇಕಾಗುವುದಿಲ್ಲ. ಆದರೆ ಆ ಗಾಜಿನ ಬಾಟಲಿಗಳನ್ನು ಭಾನುವಾರ ತೊಟ್ಟಿಗೆ ಎಸೆಯುವಂತಿಲ್ಲ, ಸದ್ದಾಗುತ್ತದೆ. ಭಾನುವಾರ ಅಂಗಡಿಗಳೂ ಇಲ್ಲ. ಶನಿವಾರ ಸಂಜೆ ಹಾಲು, ತರಕಾರಿ ತಂದಿಟ್ಟುಕೊಳ್ಳದಿದ್ದವರು ರೈಲ್ವೆ ನಿಲ್ದಾಣಕ್ಕೆ ಓಡಬೇಕು. ಅಲ್ಲಿಯ ಅಂಗಡಿಗಳಿಗೆ ಮಾತ್ರ ವಿನಾಯಿತಿ.

ಅಡುಗೆಗೆ ಕಷ್ಟವಾಗಲಿಲ್ಲ. ಯುದ್ಧದ ವರ್ಷಗಳಲ್ಲಿ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳರು ಸ್ವಿಟ್ಜರ್ಲೆಂಡಿನ ಊರೂರಲ್ಲಿ ಅಂಗಡಿ ಇಟ್ಟಿದ್ದಾರೆ. ಕರಿಬೇವು, ತೆಂಗಿನಕಾಯಿ, ಹುಣಸೆಹಣ್ಣು, ಕುಸುಬಲಕ್ಕಿ ಎಲ್ಲ ಸಿಗುತ್ತದೆ. ಉಳಿದದ್ದಕ್ಕೆ ಗಡಿ ದಾಟಿದರಾಯಿತು. ಬಾಸೆಲ್ ನಿಂತಿರುವುದು ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಮೂಲೆಯಲ್ಲಿ. ಎಂಟನೇ ನಂಬರಿನ ಟ್ರ್ಯಾಮ್ ಊರ ನಡುವಿನಿಂದ ಹೊರಟು ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗಿ ನಿಲ್ಲುತ್ತದೆ. ಶನಿವಾರ ಆ ಟ್ರ್ಯಾಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊಡ್ಡ ಸಂಬಳ ಎಣಿಸುವ ಸ್ವಿಸ್ ಜನರೂ ಖಾಲಿ ಟ್ರಾಲಿ ಎಳೆದುಕೊಂಡು ಅಗ್ಗದ ಬೆಣ್ಣೆ, ಅಗ್ಗದ ಶಾಂಪೂ ತರಲು ಹೊರಟಿರುತ್ತಾರೆ. ಇನ್ನೂ ತಮಾಷೆ ಎಂದರೆ ಈ ಊರಿನ ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ.

ಪತ್ರಾಗಾರ ಇರುವುದು ಮಿಸ್ಸಿಯೋನ್ಸ್‌ಸ್ಟ್ರಾಸೆ 21ರಲ್ಲಿ. ಹಳೆಯ ಕೋಟೆಯ ಹೆಬ್ಬಾಗಿಲು ಷ್ಪಾಲೆನ್‌ಟೋರ್ ದಾಟಿ ಎರಡು ಹೆಜ್ಜೆ ಹಾಕಿದರೆ 1860ರಲ್ಲಿ ಕಟ್ಟಿದ ಮಿಷನ್ ಮನೆ. ಈಗ ಅದರ ಒಂದು ಭಾಗ ಹೋಟೆಲು. ತರುಣ ಪಾದ್ರಿಗಳು ಒಂದು ಕಾಲಕ್ಕೆ ಗ್ರೀಕ್, ಹೀಬ್ರೂ ಬಾಯಿಪಾಠ ಮಾಡುತ್ತಿದ್ದ ಕಟ್ಟಡದಲ್ಲಿ ಇವತ್ತು ಸಮ್ಮೇಳನಕ್ಕೆ ಬಂದವರು ತಿಂಡಿ ತಿನ್ನುತ್ತಾರೆ. ಓದುಕೋಣೆಯಲ್ಲಿ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಅಥವಾ ಲ್ಯಾಪ್‌ಟಾಪ್ ಮಾತ್ರ. ಬೇಕಾದ ಕಡತದ ಸಂಖ್ಯೆ ಬರೆದುಕೊಟ್ಟರೆ ಆಮ್ಲರಹಿತ ಪೆಟ್ಟಿಗೆಯಲ್ಲಿ ಕಾಗದದ ಕಟ್ಟು ಬಂದು ಮೇಜಿನ ಮೇಲೆ ಕೂರುತ್ತದೆ. ಶಿಫಾರಸು ಬೇಡ, ಪರಿಚಯದವರ ಫೋನು ಬೇಡ. ನಮ್ಮಲ್ಲಿ ಕೆಲವು ದಾಖಲೆ ಕೋಣೆಗಳ ಬಾಗಿಲು ಕಾಯ್ದು ಬಂದವನಿಗೆ ಇದೇ ಒಂದು ದೊಡ್ಡ ಉಪಚಾರದಂತೆ ಕಂಡರೆ ತಪ್ಪಿಲ್ಲ.

ಕಟ್ಟು ಬಿಚ್ಚಿದ ಮೇಲೆ ಅಸಲು ಕಷ್ಟ. ಪತ್ರಗಳು ಜರ್ಮನ್‌ನಲ್ಲಿವೆ ನಿಜ, ಆದರೆ ಇವತ್ತಿನ ಜರ್ಮನರಲ್ಲೂ ಹೆಚ್ಚಿನವರು ಓದಲಾರದ ಕೈಬರಹದಲ್ಲಿವೆ. ಅದರ ಹೆಸರು ಕುರೆಂಟ್. ಮೊನೆಯಾದ ಗೆರೆಗಳ ಓಟದ ಬರಹ. ಅದರಲ್ಲಿ ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ. ‘ಎನ್’ ಯಾವುದು, ‘ಯು’ ಯಾವುದು ಎಂದು ಹೇಳಲು ತಲೆಯ ಮೇಲಿನ ಸಣ್ಣ ಕೊಂಕು ಮಾತ್ರ ಗತಿ. ಉತ್ತರ ಕರ್ನಾಟಕದಲ್ಲಿ ಮೋಡಿ ಲಿಪಿಯ ಕಡತ ಎದುರಾದ ಸಂಶೋಧಕರಿಗೆ ಈ ಪಾಡು ಗೊತ್ತಿರುತ್ತದೆ: ಭಾಷೆ ಬಂದರೂ ಕಾಗದ ಬಾಯಿ ಬಿಡುವುದಿಲ್ಲ. ಅಂಚೆ ಖರ್ಚು ಉಳಿಸಲು ತೆಳು ಹಾಳೆಯ ಎರಡೂ ಬದಿ, ಅಂಚಿನಲ್ಲೂ ಬರೆದವರಿದ್ದಾರೆ. ಒಂದೇ ಸಮಾಧಾನ ಎಂದರೆ, ಪರಭಾಷೆಯ ಪದಗಳನ್ನೂ ಊರ ಹೆಸರುಗಳನ್ನೂ ಲ್ಯಾಟಿನ್ ಅಕ್ಷರದಲ್ಲಿ ಬರೆಯುವ ರೂಢಿ ಆಗ ಇತ್ತು. ಹಾಗಾಗಿ ಅರ್ಥವಾಗದ ಗೆರೆಗಳ ಸಾಲಿನ ನಡುವೆ ಮಂಗಳೂರು, ಹುಬ್ಬಳ್ಳಿ, ಬೆಟಗೇರಿ ಎಂಬ ಹೆಸರುಗಳು ಥಟ್ಟನೆ ಕಣ್ಣಿಗೆ ಬೀಳುತ್ತವೆ. ಅವನ್ನು ಹಿಡಿದುಕೊಂಡು ಆಚೀಚೆಗಿನ ಪದಗಳಿಗೆ ಕೈಚಾಚಬೇಕು. ದಿನಕ್ಕೆ ಒಂದು ಪುಟ ಓದಿದರೆ ಆರಂಭದಲ್ಲಿ ಅದೇ ಹಬ್ಬ.

ಏನಿದೆ ಆ ಪತ್ರಗಳಲ್ಲಿ? ಎಲ್ಲ ಇದೆ. ಸಾಮ್ಯುಯೆಲ್ ಹೇಬಿಕ್, ಲೇನರ್, ಗ್ರೈನರ್ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಂದಿನಿಂದ ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಬಂಧಿಸಿ ಕಾರ್ಖಾನೆಗಳನ್ನು ವಶಪಡಿಸಿಕೊಳ್ಳುವವರೆಗೆ ಬಾಸೆಲ್ಲಿಗೆ ವರದಿ ಹೋಗದ ವರ್ಷವಿಲ್ಲ. ಶಾಲೆಗೆ ಎಷ್ಟು ಮಕ್ಕಳು ಬಂದರು, ಅಕ್ಕಿಯ ಧಾರಣೆ ಎಷ್ಟಾಯಿತು, ಯಾವ ಮುನ್ಶಿ ಸಂಬಳ ಸಾಲದೆಂದು ಬಿಟ್ಟುಹೋದ, ಸಹೋದ್ಯೋಗಿಯ ಮೇಲೆ ದೂರು, ಜ್ವರ, ಸಾವು. ಪ್ರಶ್ನೆ ಬರೆದು ಹಡಗಿಗೆ ಹಾಕಿದರೆ ಉತ್ತರ ಬರಲು ತಿಂಗಳುಗಳು. ಮದುವೆಗೂ ಬಾಸೆಲ್ಲಿನ ಕಮಿಟಿಯ ಅಪ್ಪಣೆ ಬೇಕು. ಪಾದ್ರಿ ಕೆಲವು ವರ್ಷ ದುಡಿದ ಮೇಲಷ್ಟೇ ಅರ್ಜಿ ಹಾಕಬಹುದು. ಅನೇಕ ಸಲ ಹುಡುಗಿಯನ್ನು ಹುಡುಕಿ ಕಳಿಸುವುದೂ ಅಲ್ಲಿಂದಲೇ. ವ್ಯೂರ್ಟೆಂಬರ್ಗಿನ ಯಾವುದೋ ಹಳ್ಳಿಯ ಹೆಣ್ಣುಮಗಳು ತಾನು ಒಮ್ಮೆಯೂ ನೋಡದ ಗಂಡಸನ್ನು ಮದುವೆಯಾಗಲು ಹಡಗು ಹತ್ತುತ್ತಿದ್ದಳು. ನಮ್ಮ ಹಳೆಯ ಮದುವೆಗಳನ್ನು ಕಂಡು ಮರುಗುತ್ತಿದ್ದವರ ಮನೆಯಲ್ಲೇ ನಡೆಯುತ್ತಿದ್ದದ್ದು ಹೀಗೆ.

ಈ ಕಾಗದಗಳನ್ನು ಪೂಜಿಸಲೂ ಬಾರದು, ಬೈಯುವುದಕ್ಕಷ್ಟೇ ಓದಲೂ ಬಾರದು. ನಮ್ಮ ಭೂತ, ದೇವರು, ತೇರುಗಳ ಬಗೆಗೆ ಅವುಗಳಲ್ಲಿರುವ ತಿರಸ್ಕಾರ ಕೆಲವೊಮ್ಮೆ ಕೆರಳಿಸುತ್ತದೆ. ಆದರೆ ಇವು ಕಾಸು ಕೊಡುವ ಜನರಿಗಾಗಿ ಬರೆದ ವರದಿಗಳೂ ಹೌದು. ಕತ್ತಲೆ ಎಷ್ಟು ಕಪ್ಪಗಿದ್ದರೆ ದೀಪಕ್ಕೆ ಎಣ್ಣೆ ಅಷ್ಟು ಸುಲಭವಾಗಿ ಸಿಗುತ್ತದೆ. ಮಿಷನ್ 1828ರಿಂದ ಹೊರಡಿಸುತ್ತಿದ್ದ ‘ಹೈಡೆನ್‌ಬೋಟೆ’ ಪತ್ರಿಕೆಯಲ್ಲಿ ಇಂಥ ಪತ್ರಗಳ ಆಯ್ದ ಭಾಗ ಅಚ್ಚಾಗುತ್ತಿತ್ತು. ಕೈಬರಹದ ಮೂಲವನ್ನೂ ಅಚ್ಚಾದ ಪಾಠವನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಸಂಪಾದಕರ ಕತ್ತರಿ ಎಲ್ಲಿ ಓಡಿತು ಎಂದು ತಿಳಿಯುತ್ತದೆ. ನನಗೆ ಆ ಬೇಸಿಗೆಯ ನಿಜವಾದ ಗಳಿಕೆ ಈ ಕತ್ತರಿಯ ಗುರುತುಗಳು. ಪಾದ್ರಿ ಬೇಸತ್ತು ಬರೆದ ಸಾಲು, ಊರವರ ಮಾತಿಗೆ ತಲೆದೂಗಿದ ಸಾಲು, ಇಂಥವೇ ಬಿಟ್ಟುಹೋಗಿರುತ್ತವೆ.

ಕನ್ನಡಕ್ಕೆ ದುಡಿದ ಇಬ್ಬರ ಹೆಸರು ನಮಗೆಲ್ಲ ಗೊತ್ತು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು, ಅದಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪಡೆದರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದವರು, ಅವರ ನಿಘಂಟು 1894ರದು. ಆದರೆ ಕಿಟ್ಟೆಲ್ ಸಾಹಿತ್ಯಕ್ಕೆ ಅತಿಯಾಗಿ ಅಂಟಿಕೊಂಡರೆಂದು ಅವರ ಜೊತೆಯವರಿಗೇ ಅಸಮಾಧಾನ ಇತ್ತು ಎಂಬುದನ್ನು ನಾವು ಹೆಚ್ಚು ಹೇಳುವುದಿಲ್ಲ. ನಿಘಂಟು ಮಿಷನ್ನಿನ ಕೊಡುಗೆ ಎನ್ನುವುದಕ್ಕಿಂತ ಮಿಷನ್ನಿನೊಳಗೆ ಹಟ ಹಿಡಿದ ಒಬ್ಬ ಮನುಷ್ಯನ ಕೊಡುಗೆ ಎನ್ನುವುದು ಹೆಚ್ಚು ಸರಿ.

ಮೂರನೆಯ ಹೆಸರು ಅಷ್ಟು ಪರಿಚಿತವಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿಣ್ಯ 1844ರಲ್ಲಿ, ಹತ್ತೊಂಬತ್ತರ ಆಸುಪಾಸಿನಲ್ಲಿ, ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಎರಡು ವರ್ಷದ ತರುವಾಯ ಮೋಗ್ಲಿಂಗ್ ಅವರ ಜೊತೆ ಬಾಸೆಲ್ಲಿಗೆ ಹೊರಟು 1851ರವರೆಗೆ ಇಲ್ಲಿಯ ಸೆಮಿನರಿಯಲ್ಲಿ ಓದಿದರು. ಆಗ ಈಗಿನ ಕಟ್ಟಡ ಎದ್ದಿರಲಿಲ್ಲ. ಇಲ್ಲಿಂದ ಪಾದ್ರಿಯಾಗಿ ಮರಳಿದರು, 1860ರಲ್ಲಿ ಜರ್ಮನ್ ಹೆಣ್ಣುಮಗಳು ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು, 1893ರಲ್ಲಿ ತೀರಿಕೊಂಡರು. ಅಂದರೆ ಸ್ವಾಮಿ ವಿವೇಕಾನಂದರು ಹುಟ್ಟುವುದಕ್ಕೂ ಎಷ್ಟೋ ಮೊದಲು ಕನ್ನಡ ನಾಡಿನ ಒಬ್ಬ ಹುಡುಗ ಈ ಊರಿನಲ್ಲಿ ಐದು ಚಳಿಗಾಲ ಕಳೆದಿದ್ದ. ಮನೆಯವರನ್ನು ಕಳೆದುಕೊಂಡು ಬಂದವನು. ಅವನ ಎದುರು ಮೂರು ತಿಂಗಳ ವೀಸಾ, ವಾಪಸು ಟಿಕೆಟ್ಟು, ದಿನಾ ಅಮ್ಮನ ವಾಟ್ಸ್ಯಾಪ್ ಕರೆ ಇರುವ ನಮ್ಮಂಥವರ ಪರದೇಶವಾಸ ಯಾವ ದೊಡ್ಡ ಸಾಹಸ?

ಇನ್ನೊಂದು ನಂಟನ್ನೂ ಹೇಳಿಬಿಡುತ್ತೇನೆ. ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ಅಪ್ಪ ಯೋಹಾನೆಸ್ ಇದೇ ಮಿಷನ್ನಿನಿಂದ ಬಂದು ಕೆಲಕಾಲ ಮಂಗಳೂರಿನಲ್ಲಿದ್ದವರು. ಅಮ್ಮ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, ಮಲಯಾಳಂ ನಿಘಂಟಿನ ಗುಂಡರ್ಟ್ ಅವರ ಮಗಳು. ಹೆಸ್ಸೆ ಬಾಲ್ಯದ ಕೆಲವು ವರ್ಷ ಬಾಸೆಲ್‌ನಲ್ಲಿ ಕಳೆದರು, ದೊಡ್ಡವರಾದ ಮೇಲೆ ಇಲ್ಲಿಯೇ ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದರು.

ಓದುಕೋಣೆ ಸಂಜೆ ಮುಚ್ಚಿದಾಗ ಹೊರಗೆ ಇನ್ನೂ ನಡುಮಧ್ಯಾಹ್ನದ ಬೆಳಕು. ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಮನೆಗಳಲ್ಲಿ ಫ್ಯಾನ್ ಇಲ್ಲ, ಏಸಿ ಇಲ್ಲ. ಕಟ್ಟಡಗಳೆಲ್ಲ ಚಳಿಗೆಂದು ಕಟ್ಟಿದವು. ಬಿಸಿಗಾಳಿಯ ವಾರದಲ್ಲಿ ತಾಪ 35 ಡಿಗ್ರಿ ದಾಟಿದಾಗ ಐದನೇ ಮಹಡಿಯ ಕೋಣೆಯಲ್ಲಿ ಕೂರುವುದು ಉಪ್ಪಿನಕಾಯಿ ಭರಣಿಯಲ್ಲಿ ಕೂತಂತೆ. ಆಗ ಇಡೀ ಊರು ಹೊರಗೆ ಬರುತ್ತದೆ. ಬೀದಿಗೊಂದರಂತೆ ಕಾರಂಜಿಗಳು, ಇನ್ನೂರಕ್ಕೂ ಹೆಚ್ಚು. ನೀರನ್ನು ಹಾಗೆಯೇ ಕುಡಿಯಬಹುದು. ಬಿಸಿ ಏರಿದರೆ ಮಕ್ಕಳಿರಲಿ, ಕೋಟು ಬಿಚ್ಚಿಟ್ಟ ದೊಡ್ಡವರೂ ತೊಟ್ಟಿಗಿಳಿದು ಕುತ್ತಿಗೆಯವರೆಗೆ ಕೂರುತ್ತಾರೆ. ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಆದರೆ ಊರಿನ ಅಸಲು ಬೇಸಿಗೆ ರೈನ್ ನದಿಯಲ್ಲಿ. ಕಚೇರಿ ಬಿಟ್ಟವರು ಬಟ್ಟೆ, ಫೋನು, ಚಪ್ಪಲಿಗಳನ್ನು ಮೀನಿನ ಆಕಾರದ, ನೀರು ಹೊಗದ ಒಂದು ಚೀಲಕ್ಕೆ ಹಾಕಿ, ಬಾಯನ್ನು ಏಳು ಸುತ್ತು ಸುತ್ತಿ ಮುಚ್ಚುತ್ತಾರೆ. ‘ವಿಕ್ಕೆಲ್‌ಫಿಶ್’ ಎಂಬ ಈ ಚೀಲ ಇಲ್ಲಿಯದೇ. ಅದನ್ನು ತಬ್ಬಿಕೊಂಡು ಟಿಂಗ್ವೆಲಿ ಮ್ಯೂಸಿಯಂ ಹತ್ತಿರ ನೀರಿಗಿಳಿದರೆ ಕೈಕಾಲು ಆಡಿಸುವ ಅಗತ್ಯವೂ ಇಲ್ಲ, ಹರಿವೇ ಒಯ್ಯುತ್ತದೆ. ಎಡಕ್ಕೆ ಗುಡ್ಡದ ಮೇಲೆ ಕೆಂಪು ಮರಳುಗಲ್ಲಿನ ದೊಡ್ಡ ಇಗರ್ಜಿ, ಅದರೊಳಗೆ ಪಂಡಿತ ಇರಾಸ್ಮಸ್ ಅವರ ಸಮಾಧಿ. ಮುಂದೆ 1226ರಲ್ಲಿ ಮೊದಲು ಕಟ್ಟಿದ ಸೇತುವೆಯ ಜಾಗ. ನಿಯಮ ಒಂದೇ: ಬಲದಂಡೆಯ ಬದಿಗೇ ಇರಬೇಕು. ಆಚೆ ಕಡೆ ರಾಟರ್‌ಡ್ಯಾಮಿನವರೆಗೆ ಹೋಗುವ ಸರಕು ದೋಣಿಗಳ ದಾರಿ. ಸೆಳೆತ ಬಲವಾಗಿದೆ, ಈಜು ಬಾರದವರು ಈ ಸಾಹಸಕ್ಕೆ ಇಳಿಯಬಾರದು. ಅಂಥವರಿಗೆ ನಾಲ್ಕು ಕಡವುಗಳಿವೆ. ಎಂಜಿನ್ ಇಲ್ಲದ ಮರದ ದೋಣಿ, ಅಡ್ಡಲಾಗಿ ಕಟ್ಟಿದ ತಂತಿಗೆ ತೂಗಿಕೊಂಡು ನೀರಿನ ಸೆಳೆತದಿಂದಲೇ ಈಚೆಯಿಂದ ಆಚೆಗೆ ಸಾಗುತ್ತದೆ. ನೇತ್ರಾವತಿಯ ಕಡವು ದಾಟಿ ಶಾಲೆಗೆ ಹೋದ ನನಗೆ ಇದು ಬಹಳ ಹಿಡಿಸಿತು.

ಈ ನೀರು ಹೀಗೆ ಈಜಲು ಯೋಗ್ಯವಾದದ್ದು ತಾನಾಗಿ ಅಲ್ಲ. 1986ರ ನವೆಂಬರ್ 1ರ ಬೆಳಗಿನ ಜಾವ ಊರ ಹೊರಗಿನ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನ ಜೊತೆ ಕೀಟನಾಶಕ, ಬಣ್ಣ ಎಲ್ಲ ನದಿಗೆ ಹರಿದು ರೈನ್ ಕೆಂಪಾಯಿತು. ನೂರಾರು ಕಿಲೋಮೀಟರ್ ಕೆಳಗಿನವರೆಗೆ ಹಾವುಮೀನುಗಳು ರಾಶಿ ರಾಶಿ ಸತ್ತವು. ಜನ ಬೀದಿಗಿಳಿದರು. ಮರುವರ್ಷವೇ ನದಿಯ ದಂಡೆಯ ದೇಶಗಳು ಸೇರಿ ರೈನ್ ಶುದ್ಧೀಕರಣದ ಕಾರ್ಯಕ್ರಮಕ್ಕೆ ಒಪ್ಪಿಕೊಂಡವು. ಕಾರ್ಖಾನೆಗಳು ಊರು ಬಿಟ್ಟು ಓಡಲಿಲ್ಲ, ನದಿಯ ದಂಡೆಯಲ್ಲೇ ಇವೆ; ಅವುಗಳ ನೆರಳಿನಲ್ಲೇ ಜನ ಈಜುತ್ತಾರೆ. ವೃಷಭಾವತಿಯ ವಿಷಯ ಬಂದಾಗಲೆಲ್ಲ ಕೈಗಾರಿಕೆ ಬೇಕೋ ನದಿ ಬೇಕೋ ಎಂದು ಕೇಳುವವರಿಗೆ ಒಂದು ಸಂಜೆ ಇಲ್ಲಿ ಮುಳುಗು ಹಾಕಿಸಬೇಕು.

ಚಿಲ್ಲರೆ ಕೂಡಿಸುವ ಮಾತು ಹೇಳಿದ್ದೆನಲ್ಲ. 1967ರಲ್ಲಿ ಊರಿನ ಕಲಾ ಸಂಗ್ರಹಾಲಯದಲ್ಲಿ ಎರವಲಾಗಿ ತೂಗುಹಾಕಿದ್ದ ಪಿಕಾಸೊನ ಎರಡು ಚಿತ್ರಗಳು ಮಾರಾಟವಾಗುವ ಹಂತಕ್ಕೆ ಬಂದವು. ಬೆಲೆ 84 ಲಕ್ಷ ಫ್ರಾಂಕ್. ಸರ್ಕಾರ 60 ಲಕ್ಷ ಕೊಡಬೇಕೋ ಬೇಡವೋ ಎಂದು ಜನಮತ ಗಣನೆಯೇ ನಡೆಯಿತು. ಉಳಿದ 24 ಲಕ್ಷವನ್ನು ಜನ ಎತ್ತಿದರು. ವಿದ್ಯಾರ್ಥಿಗಳು ಬೀದಿಯಲ್ಲಿ ಬೂಟು ಪಾಲಿಶ್ ಮಾಡಿದರು. ಮತದಲ್ಲಿ ಚಿತ್ರಗಳ ಪರ ಗೆಲುವಾಯಿತು. ಸುದ್ದಿ ಕೇಳಿ ಮನಸ್ಸು ತುಂಬಿದ ಪಿಕಾಸೊ ಇನ್ನೂ ನಾಲ್ಕು ಕೃತಿಗಳನ್ನು ಊರಿಗೆ ಉಡುಗೊರೆ ಕೊಟ್ಟ. ಆಧುನಿಕ ಚಿತ್ರಕ್ಕೆ ತೆರಿಗೆ ಹಣ ಹಾಕಬೇಕೇ ಎಂದು ತರಕಾರಿ ಮಾರುವವರೂ ಟ್ರ್ಯಾಮ್ ಓಡಿಸುವವರೂ ಮತ ಹಾಕಿ ತೀರ್ಮಾನಿಸಿದ ಊರು ಬೇರೆ ಎಲ್ಲಿದೆಯೋ. ಹಾಗೆ ನೋಡಿದರೆ ಈ ಸಂಗ್ರಹವೇ ಹಾಗೆ ಹುಟ್ಟಿದ್ದು. 1661ರಲ್ಲಿ ಆಮರ್‌ಬಾಖ್ ಮನೆತನದ ಖಾಸಗಿ ಸಂಗ್ರಹವನ್ನು ನಗರವೂ ವಿಶ್ವವಿದ್ಯಾಲಯವೂ ಸೇರಿ ಕೊಂಡವು. ತಿಂಗಳ ಮೊದಲ ಭಾನುವಾರ ಅಲ್ಲಿಯ ಸ್ಥಿರ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಬಡ ವಿದ್ಯಾರ್ಥಿಗಳನ್ನು ಅಂದು ಅಲ್ಲೇ ಹುಡುಕಬೇಕು. ಆಗಸ್ಟಿನಲ್ಲಿ ನದಿಯ ಮೇಲೊಂದು ತೆಪ್ಪ ಕಟ್ಟಿ ರಾತ್ರಿ ಸಂಗೀತ ಕಚೇರಿ ನಡೆಸುತ್ತಾರೆ. ಜನ ದಂಡೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ, ಕೊನೆಗೆ ಟೋಪಿ ಸುತ್ತುತ್ತದೆ, ಆದವರು ಆದಷ್ಟು ಹಾಕುತ್ತಾರೆ.

ಬೇಸಿಗೆ ಕಳೆಯುವ ಹೊತ್ತಿಗೆ ನನಗೆ ಈ ಊರಿನ ಲೆಕ್ಕ ಒಂದು ಬಗೆಯಲ್ಲಿ ಸ್ಪಷ್ಟವಾಗಿತ್ತು. ನಿಮ್ಮೊಬ್ಬರದೇ ಆದದ್ದೆಲ್ಲ, ಕೋಣೆ, ಊಟ, ಕಾಫಿ, ವೈದ್ಯರು, ಕೈಗೆಟುಕದಷ್ಟು ದುಬಾರಿ. ಎಲ್ಲರದ್ದೂ ಆದದ್ದು, ನದಿ, ಕಾರಂಜಿ, ಗ್ರಂಥಾಲಯ, ಚಿತ್ರ, ಸಂಗೀತ, ಹಳೆಯ ಕಾಗದ, ಬಿಟ್ಟಿ ಅಥವಾ ಬಿಟ್ಟಿಗೆ ಸಮ. ನಮ್ಮೂರಲ್ಲಿ ಇದು ತಿರುವುಮುರುವು. ಇಪ್ಪತ್ತು ರೂಪಾಯಿಗೆ ಕಾಫಿ ಸಿಗುತ್ತದೆ, ಕೂತು ಓದಲು ಒಂದು ಒಳ್ಳೆಯ ಸಾರ್ವಜನಿಕ ಗ್ರಂಥಾಲಯ ಸಿಗುವುದು ಕಷ್ಟ. ವಿದ್ಯಾರ್ಥಿಗೆ ಯಾವುದು ಹೆಚ್ಚು ಬೇಕು ಎಂದು ಕೇಳಿದರೆ ಬಾಸೆಲ್‌ನ ಏರ್ಪಾಡಿಗೇ ನನ್ನ ಮತ. ಹೊಟ್ಟೆಗೆ ಶ್ರೀಲಂಕಾದ ಅಂಗಡಿ ಇದೆ.

ಹಾಗಂತ ಅಲ್ಲಿಯ ಕಪಾಟಿನಲ್ಲಿರುವುದೆಲ್ಲ ಅಲ್ಲಿಯವರದ್ದಲ್ಲ. ಹುಬ್ಬಳ್ಳಿಯ, ಉಡುಪಿಯ, ಕೊಡಗಿನ ನಮ್ಮ ಹಿರಿಯರ ಹೆಸರು, ಜಗಳ, ಹಸಿವು, ಪಾಠ ಆ ಕಡತಗಳಲ್ಲಿವೆ. ಎಷ್ಟೋ ಕುಟುಂಬಗಳ ಬಗೆಗೆ ಬೇರೆಲ್ಲೂ ಒಂದು ಸಾಲೂ ಉಳಿದಿಲ್ಲದಿರಬಹುದು. ಅವನ್ನು ಓದಿರುವವರಲ್ಲಿ ಹೆಚ್ಚಿನವರು ಯುರೋಪಿನ ವಿದ್ವಾಂಸರು. ಅವರಿಗೆ ಕುರೆಂಟ್ ಬರುತ್ತದೆ. ತುಳು, ಕನ್ನಡ ಬರುವುದು ಅಪರೂಪ. ನಮಗೆ ತುಳು, ಕನ್ನಡ ಬರುತ್ತದೆ, ಕುರೆಂಟ್ ಬಾರದು. ಪತ್ರದಲ್ಲಿ ಪಾದ್ರಿ ತನಗೆ ತಿಳಿದಂತೆ ಲ್ಯಾಟಿನ್ ಅಕ್ಷರದಲ್ಲಿ ಗೀಚಿದ ಒಂದು ಊರಿನ, ಒಂದು ಜಾತಿಯ, ಒಂದು ದೈವದ ಹೆಸರನ್ನು ಗುರುತು ಹಿಡಿಯಬಲ್ಲವರು ನಮ್ಮವರೇ.

ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಂ.ಎ. ಮುಗಿಸಿ ವಿಷಯ ಹುಡುಕುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಮೊದಲು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಬಾಸೆಲ್ ಮಿಷನ್ನಿನ ಹಳೆಯ ಫೋಟೊಗಳು, ಮಂಗಳೂರಿನವೂ ಧಾರವಾಡದವೂ ಕೊಡಗಿನವೂ ಸಾಕಷ್ಟು, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತಿವೆ; ಅವನ್ನು ತೆರೆದು ನಿಮ್ಮ ಊರಿನದೇನಾದರೂ ಇದೆಯೇ ಹುಡುಕಿ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ, ಅದರ ಮೇಲೆ ಕುರೆಂಟ್ ರೂಢಿಯಾಗಲು ಕೆಲವು ತಿಂಗಳ ಹಟ ಸಾಕು. ಅಷ್ಟು ಮಾಡಿಕೊಂಡು ಬೇಸಿಗೆಯಲ್ಲಿ ಬಾಸೆಲ್ಲಿಗೆ ಹೋಗಿ. ನಮ್ಮ ವಿಶ್ವವಿದ್ಯಾಲಯಗಳು ವರ್ಷಕ್ಕೆ ಇಬ್ಬರನ್ನಾದರೂ ಖರ್ಚು ಕೊಟ್ಟು ಕಳಿಸಲಿ. ಪೆಟ್ಟಿಗೆಗಳು ಅಲ್ಲಿವೆ, ಕೇಳಿದವರಿಗೆ ಕೊಡುತ್ತಾರೆ.